ಬೆಳಕು ಜಾಸ್ತಿ ಮಾಡೋಕೆ ಆಗದ ಕಡೆ ಕ್ವಾಂಟಂ ಬೆಳಕು

ಕ್ವಾಂಟಂ ಅಂದ ಕೂಡಲೇ ನಮ್ಮಲ್ಲಿ ಮಾತು ಕಂಪ್ಯೂಟರ್ ಕಡೆ ಹೋಗುತ್ತದೆ. ಹೋಗಲು ಕಾರಣವೂ ಇದೆ. 2023ರ ಏಪ್ರಿಲ್‌ನಲ್ಲಿ ಕೇಂದ್ರ ಸಚಿವ ಸಂಪುಟ ರಾಷ್ಟ್ರೀಯ ಕ್ವಾಂಟಂ ಮಿಷನ್‌ಗೆ 6,003.65 ಕೋಟಿ ರೂಪಾಯಿ ಒಪ್ಪಿತು. 2025ನ್ನು ವಿಶ್ವಸಂಸ್ಥೆ ಕ್ವಾಂಟಂ ವಿಜ್ಞಾನದ ವರ್ಷ ಅಂತ ಸಾರಿತು. ಅದೇ ವರ್ಷ ಬೆಂಗಳೂರಿನ ಸಮಾವೇಶದಲ್ಲಿ ರಾಜ್ಯ ಸರ್ಕಾರ 1,000 ಕೋಟಿಯ ಕ್ವಾಂಟಂ ಯೋಜನೆ ಹೇಳಿತು. ಸುದ್ದಿಯಲ್ಲಿ ಬಂದದ್ದು ಹೆಚ್ಚುಕಡಿಮೆ ಕಂಪ್ಯೂಟರ್ ವಿಷಯ, ಇಲ್ಲವೇ ಯಾರೂ ಕದಿಯಲಾಗದ ಸಂದೇಶದ ವಿಷಯ. ಆದರೆ ಕ್ವಾಂಟಂನ ಇನ್ನೊಂದು ಕವಲೂ ಆಗಲೇ ದಿನನಿತ್ಯದ ಕೆಲಸಕ್ಕೆ ಇಳಿದಿದೆ. ಅದು ಬೆಳಕಿನಿಂದ ಅಳೆಯುವ ಕೆಲಸ. ಅದರ ಬಗ್ಗೆ ಕನ್ನಡದಲ್ಲಿ ಯಾರೂ ಜಾಸ್ತಿ ಮಾತಾಡುತ್ತಿಲ್ಲ ಅನ್ನೋದು ನನಗೆ ಬೇಸರದ ಸಂಗತಿ.

ಹೋದ ಮಳೆಗಾಲದಲ್ಲಿ ಪಕ್ಕದ ಅಡಿಕೆ ತೋಟದ ಭಾವ ನೇರವಾಗಿ ಒಂದು ಪ್ರಶ್ನೆ ಕೇಳಿದರು. 'ಅಲ್ಲ ಮಾರಾಯ, ಈ ಕ್ವಾಂಟಂ ಬೆಳಕು ಬಿಟ್ಟು ನೋಡಿದರೆ ಎಲೆಚುಕ್ಕಿ ರೋಗ ಸೋಗೆ ಮೇಲೆ ಕಾಣುವ ಮೊದಲೇ ಗೊತ್ತಾಗುತ್ತಾ?' ಒಳ್ಳೆ ಪ್ರಶ್ನೆ. ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ಎಲೆಚುಕ್ಕಿ ಎಷ್ಟು ಮನೆಗಳ ಲೆಕ್ಕಾಚಾರ ಕೆಡಿಸಿದೆ ಅಂತ ಇಲ್ಲಿಯವರಿಗೆ ಬೇರೆ ಹೇಳಬೇಕಿಲ್ಲ. ಉತ್ತರ ಮಾತ್ರ 'ಇಲ್ಲ'. ಆದರೆ ಯಾಕೆ ಇಲ್ಲ ಅನ್ನೋದನ್ನು ಸರಿಯಾಗಿ ತಿಳಿದುಕೊಂಡರೆ, ಈ ತಂತ್ರ ಎಲ್ಲಿ ನಿಜಕ್ಕೂ ಬೆಲೆಬಾಳುತ್ತದೆ, ಎಲ್ಲಿ ಸುಮ್ನೆ ಹೆಸರಿಗೆ ಮಾತ್ರ ಅನ್ನೋದು ಗೊತ್ತಾಗುತ್ತದೆ. ಇಷ್ಟು ಕೋಟಿ ಖರ್ಚಾಗುವ ಹೊತ್ತಲ್ಲಿ ಅದು ಗೊತ್ತಿರಬೇಕು.

ಮೊದಲು ಬೆಳಕಿನ ಸ್ವಭಾವ. ಮಲೆನಾಡಿನಲ್ಲಿ ಮಳೆ ಅಳೆದು ಡೈರಿಯಲ್ಲಿ ಇಂಚು ಬರೆದಿಡುವ ಮನೆಗಳು ಬಹಳ. ಅಂಥ ಒಂದು ಅಂಗಳದಲ್ಲಿ ಒಂದೇ ಥರದ ಎರಡು ಮಳೆಮಾಪಕ ಅಕ್ಕಪಕ್ಕ ಇಟ್ಟು, ನೀರಿನ ಎತ್ತರ ನೋಡುವ ಬದಲು ಒಂದೊಂದೇ ಹನಿ ಎಣಿಸಿದಿರಿ ಅಂತ ಇಟ್ಟುಕೊಳ್ಳಿ. ಸೋನೆ ಮಳೆಯಲ್ಲಿ ಒಂದರಲ್ಲಿ 93 ಹನಿ, ಇನ್ನೊಂದರಲ್ಲಿ 108 ಹನಿ ಬಿದ್ದರೆ ಆಶ್ಚರ್ಯ ಇಲ್ಲ. ಮಾಪಕದಲ್ಲಿ ದೋಷ ಇಲ್ಲ, ಮಳೆಯಲ್ಲೂ ವ್ಯತ್ಯಾಸ ಇಲ್ಲ. ಹನಿಗಳು ಒಂದನ್ನೊಂದು ಕೇಳಿಕೊಂಡು ಬೀಳುವುದಿಲ್ಲ, ಅಷ್ಟೇ. ಸರಾಸರಿ 100 ಇದ್ದರೆ ಏರುಪೇರು ಸುಮಾರು 10. ಸರಾಸರಿ 10,000 ಇದ್ದರೆ ಏರುಪೇರು 100. ಅಂದರೆ ವರ್ಗಮೂಲದ ಲೆಕ್ಕ. ಮೊದಲನೆಯದರಲ್ಲಿ ತಪ್ಪು ನೂರಕ್ಕೆ 10, ಎರಡನೆಯದರಲ್ಲಿ ನೂರಕ್ಕೆ 1. ಆಗುಂಬೆಯ ಜಡಿಮಳೆಯಲ್ಲಿ ಈ ಏರುಪೇರು ಲೆಕ್ಕಕ್ಕೇ ಬರುವುದಿಲ್ಲ.

ಬೆಳಕೂ ಹೀಗೆಯೇ ಫೋಟಾನ್ ಅನ್ನೋ ಬಿಡಿ ಬಿಡಿ ಹನಿಗಳಾಗಿ ಬರುತ್ತದೆ. ಒಳ್ಳೆ ಲೇಸರಿನಿಂದ ಬಂದರೂ ಅವು ಬಂದು ಬೀಳುವ ಹೊತ್ತು ಅಡ್ಡಾದಿಡ್ಡಿ. ಸೆನ್ಸರ್ ಎಷ್ಟೇ ಚೆನ್ನಾಗಿರಲಿ, ಎಣಿಕೆಯಲ್ಲಿ ಈ ಏರುಪೇರು ಇದ್ದೇ ಇರುತ್ತದೆ. ವಿಜ್ಞಾನಿಗಳು ಇದನ್ನು ಶಾಟ್ ನಾಯ್ಸ್ ಅನ್ನುತ್ತಾರೆ. ಇದನ್ನು ಕಡಿಮೆ ಮಾಡುವ ಹಳೇ ದಾರಿ ಒಂದೇ, ಬೆಳಕು ಜಾಸ್ತಿ ಮಾಡುವುದು. 10 ಪಟ್ಟು ನಿಖರತೆ ಬೇಕಾದರೆ 100 ಪಟ್ಟು ಬೆಳಕು ಬೇಕು. 100 ಪಟ್ಟು ನಿಖರತೆಗೆ 10,000 ಪಟ್ಟು. ದುಬಾರಿ ದಾರಿ, ಆದರೂ ಬಹಳ ಕಡೆ ಇದೇ ಸಾಕು.

ಎಷ್ಟು ಸಾಕು ಅನ್ನೋದಕ್ಕೆ ಒಂದು ಲೆಕ್ಕ ಹಾಕೋಣ. ಒಂದು ಮಿಲಿವ್ಯಾಟ್‌ನ ಕೆಂಪು ಲೇಸರ್ ತಗೊಳ್ಳಿ, ಕಾಲೇಜು ಲ್ಯಾಬಿನಲ್ಲಿ ಇರುತ್ತದಲ್ಲ ಅಂಥದ್ದು. ಅದರಿಂದ ಸೆಕೆಂಡಿಗೆ ಸುಮಾರು 3ರ ಮುಂದೆ 15 ಸೊನ್ನೆ ಹಾಕಿದಷ್ಟು ಫೋಟಾನ್ ಬರುತ್ತವೆ. ಅದರ ವರ್ಗಮೂಲ ಸುಮಾರು ಐದೂವರೆ ಕೋಟಿ. ಅಂದರೆ ಒಂದು ಸೆಕೆಂಡ್ ಅಳೆದರೆ ಫೋಟಾನ್‌ಗಳಿಂದ ಆಗುವ ತಪ್ಪು ಐದೂವರೆ ಕೋಟಿಯಲ್ಲಿ ಒಂದು ಭಾಗ. ಇಷ್ಟು ನಿಖರವಾಗಿ ನಮ್ಮ ಯಾವ ಲ್ಯಾಬಿನಲ್ಲಿ ಯಾವ ಅಳತೆ ನಡೆಯುತ್ತಿದೆ? ಲೇಸರಿನ ಕರೆಂಟ್ ಅಲುಗುತ್ತದೆ, ಮೇಜು ನಡುಗುತ್ತದೆ, ಲೆನ್ಸ್ ಮೇಲೆ ಧೂಳು ಕೂರುತ್ತದೆ, ಮಳೆಗಾಲದಲ್ಲಿ ಬೂಷ್ಟು ಹಿಡಿಯುತ್ತದೆ. ಈ ಏರುಪೇರುಗಳ ಮುಂದೆ ಶಾಟ್ ನಾಯ್ಸ್ ಕಾಣುವುದೇ ಇಲ್ಲ. ಅಂಥ ಕಡೆ ಕ್ವಾಂಟಂ ಬೆಳಕು, ಅಂದರೆ ಫೋಟಾನ್‌ಗಳಿಗೆ ಒಂದು ಶಿಸ್ತು ಕಲಿಸಿದ ಬೆಳಕು, ತಂದಿಟ್ಟರೂ ಅಳತೆ ಒಂದು ಕೂದಲೆಳೆಯಷ್ಟೂ ಸುಧಾರಿಸುವುದಿಲ್ಲ. ಆಸ್ಪತ್ರೆಯಲ್ಲಿ ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್ ತಪ್ಪು ತೋರಿಸುವುದು ರೋಗಿಯ ಕೈ ಅಲುಗುವುದರಿಂದ, ಬೆರಳು ತಣ್ಣಗಾಗಿರುವುದರಿಂದ. ಫೋಟಾನ್ ಕೊರತೆಯಿಂದಲ್ಲ.

ಹಾಗಾದರೆ ಕ್ವಾಂಟಂ ಬೆಳಕು ಯಾರಿಗೆ ಬೇಕು? ಉಳಿದ ಎಲ್ಲಾ ಏರುಪೇರು ತೆಗೆದು ಮುಗಿಸಿದವರಿಗೆ. ಅದರ ಮೇಲೆ, ಬೆಳಕನ್ನು ಇನ್ನು ಜಾಸ್ತಿ ಮಾಡಲು ಏನೋ ಒಂದು ಅಡ್ಡಿ ಇರುವವರಿಗೆ. ಈ ಎರಡೂ ಒಟ್ಟಿಗೆ ಇರುವ ಜಾಗಗಳು ಕಡಿಮೆ. ಆದರೆ ಆ ಕೆಲವೇ ಜಾಗಗಳಲ್ಲಿ ಆಗುತ್ತಿರುವ ಕೆಲಸ ನೋಡಿದರೆ ಮೈ ಜುಂ ಅನ್ನುತ್ತದೆ.

ಮೊದಲ ಜಾಗ ಅಮೆರಿಕದ ಲೈಗೋ. ಗುರುತ್ವ ಅಲೆಗಳನ್ನು, ಅಂದರೆ ಕಪ್ಪುರಂಧ್ರದಂಥವು ಡಿಕ್ಕಿಯಾದಾಗ ಆಕಾಶದಲ್ಲೇ ಏಳುವ ತೆರೆಗಳನ್ನು, 2015ರ ಸೆಪ್ಟೆಂಬರ್ 14ರಂದು ಮೊದಲ ಸಲ ಹಿಡಿದ ಯಂತ್ರ. 4 ಕಿಲೋಮೀಟರ್ ಉದ್ದದ ಎರಡು ಕೊಳವೆ, ಒಂದಕ್ಕೊಂದು ಲಂಬವಾಗಿ. ಎರಡರಲ್ಲೂ ಲೇಸರ್ ಬೆಳಕು ಹೋಗಿ ಕನ್ನಡಿಗೆ ಬಡಿದು ವಾಪಸ್ ಬರುತ್ತದೆ. ಎರಡೂ ಕೂಡಿದಾಗ ಒಂದನ್ನೊಂದು ಅಳಿಸುವ ಹಾಗೆ ಹೊಂದಿಸಿರುತ್ತಾರೆ, ಆದ್ದರಿಂದ ಹೊರಬಾಗಿಲಲ್ಲಿ ಹೆಚ್ಚುಕಡಿಮೆ ಕತ್ತಲೆ. ಗುರುತ್ವ ಅಲೆ ಹಾದುಹೋದರೆ ಒಂದು ಕೊಳವೆ ಚೂರು ಉದ್ದ, ಇನ್ನೊಂದು ಚೂರು ಗಿಡ್ಡ ಆಗುತ್ತದೆ, ಹೊರಬಾಗಿಲಿನ ಬೆಳಕು ಬದಲಾಗುತ್ತದೆ. ಆ ಚೂರು ಎಷ್ಟು ಅಂದರೆ ಪ್ರೋಟಾನಿನ ಅಗಲದ ಹತ್ತು ಸಾವಿರದ ಒಂದು ಭಾಗದ ಆಸುಪಾಸು.

ಇಲ್ಲಿ ಫೋಟಾನ್‌ಗಳ ಏರುಪೇರು ಎಲ್ಲಿಂದ ಒಳಗೆ ಬರುತ್ತದೆ ಅನ್ನೋದನ್ನು 1981ರಲ್ಲಿ ಕಾರ್ಲ್‌ಟನ್ ಕೇವ್ಸ್ ಅನ್ನೋ ಭೌತವಿಜ್ಞಾನಿ ವಿವರಿಸಿದರು. ನನ್ನ ಮಟ್ಟಿಗೆ ಈ ಇಡೀ ಕಥೆಯಲ್ಲಿ ಇದೇ ಅತ್ಯಂತ ಚೆಂದದ ವಿಚಾರ. ಎಲ್ಲರೂ ಲೇಸರ್ ಒಳಬರುವ ಬಾಗಿಲನ್ನು ನೋಡುತ್ತಿದ್ದರು, ಕೇವ್ಸ್ ಕತ್ತಲೆ ಇರುವ ಬಾಗಿಲನ್ನು ನೋಡಿದರು. ಆ ಬಾಗಿಲಿನಿಂದ ಒಳಗೆ ಏನೂ ಬರುತ್ತಿಲ್ಲ ಅಂತ ನಮಗೆ ಅನ್ನಿಸುತ್ತದೆ. ಆದರೆ ಕ್ವಾಂಟಂ ನಿಯಮದ ಪ್ರಕಾರ ಪೂರ್ತಿ ಕತ್ತಲೆಯಲ್ಲೂ ಬೆಳಕಿನ ಅಲೆ ಸೊನ್ನೆಯಲ್ಲಿ ನಿಲ್ಲುವುದಿಲ್ಲ, ಸೊನ್ನೆಯ ಸುತ್ತ ಸಣ್ಣಗೆ ನಡುಗುತ್ತಿರುತ್ತದೆ. ಆ ನಡುಕ ತೆರೆದ ಬಾಗಿಲಿನಿಂದ ಒಳಗೆ ನುಗ್ಗಿ ಲೇಸರ್ ಬೆಳಕಿನ ಜೊತೆ ಬೆರೆಯುತ್ತದೆ, ನಮಗೆ ಅದು ಶಾಟ್ ನಾಯ್ಸ್ ಆಗಿ ಕಾಣುತ್ತದೆ. ಲೇಸರನ್ನು ಎಷ್ಟು ತಿದ್ದಿದರೂ ಅದು ಹೋಗುವುದಿಲ್ಲ, ಯಾಕೆಂದರೆ ಅದು ಲೇಸರಿನದ್ದೇ ಅಲ್ಲ.

ಕೇವ್ಸ್ ಹೇಳಿದ ಪರಿಹಾರ ಹೀಗೆ. ಬಾಗಿಲು ಮುಚ್ಚಲು ಆಗುವುದಿಲ್ಲ, ಅಳೆಯುವ ಬೆಳಕು ಹೊರಬರುವುದೂ ಅಲ್ಲಿಂದಲೇ. ಹಾಗಾಗಿ ಆ ಬಾಗಿಲಿನಿಂದ ಬೇರೆ ಥರದ ಕತ್ತಲೆಯನ್ನು ಒಳಗೆ ಕಳಿಸೋಣ. ಅಲೆಯ ನಡುಕಕ್ಕೆ ಎರಡು ಮುಖ. ಒಂದು ಅಲೆಯ ಎತ್ತರದ್ದು, ಇನ್ನೊಂದು ಅಲೆಯ ಹೆಜ್ಜೆಯದ್ದು, ಅಂದರೆ ಫೇಸ್. ಎರಡನ್ನೂ ಒಟ್ಟಿಗೆ ಕಡಿಮೆ ಮಾಡಲು ಹೈಸನ್‌ಬರ್ಗ್ ನಿಯಮ ಬಿಡುವುದಿಲ್ಲ. ಆದರೆ ಒಂದನ್ನು ಹಿಂಡಿ, ಆ ಹೆಚ್ಚುವರಿಯನ್ನು ಇನ್ನೊಂದಕ್ಕೆ ತಳ್ಳಬಹುದು. ನಮಗೆ ಬೇಕಾದ ಮುಖ ಶಾಂತವಾಗಿದ್ದರೆ ಸಾಕು, ಬೇಡದ ಮುಖ ಎಷ್ಟು ಕುಣಿದರೂ ಕುಣಿಯಲಿ. ಇದೇ ಸ್ಕ್ವೀಜ್ಡ್ ಲೈಟ್, ಹಿಂಡಿದ ಬೆಳಕು, ಕ್ವಾಂಟಂ ಬೆಳಕಿನ ಒಂದು ಬಗೆ. ಮಳೆಯ ಲೆಕ್ಕದಲ್ಲಿ ಹೇಳುವುದಾದರೆ ಹನಿಗಳು ಅಡ್ಡಾದಿಡ್ಡಿಯಾಗಿ ಬೀಳದೆ ಸುಮಾರಾಗಿ ಒಂದೇ ಅಂತರದಲ್ಲಿ ಬಿದ್ದ ಹಾಗೆ. ಆಗ ಎರಡು ಮಾಪಕದ ಎಣಿಕೆ 93, 108 ಆಗದೆ 99, 101ರ ಹತ್ತಿರ ಬರುತ್ತದೆ.

ಮಾಮೂಲಿ ಬೆಳಕು ಯಾವುದು, ಕ್ವಾಂಟಂ ಬೆಳಕು ಯಾವುದು ಅಂತ ಗೆರೆ ಎಳೆಯುವ ಗಣಿತ ಬಂದದ್ದು 1963ರಲ್ಲಿ. ಅದಕ್ಕೆ ಎರಡು ಹೆಸರು ಸೇರಿಕೊಂಡಿವೆ, ರಾಯ್ ಗ್ಲೌಬರ್ ಮತ್ತು ನಮ್ಮ ಇ.ಸಿ.ಜಿ. ಸುದರ್ಶನ್. ಕೇರಳದಲ್ಲಿ ಹುಟ್ಟಿದ ಸುದರ್ಶನ್ ಮುಂದೆ ಬೆಂಗಳೂರಿನ ಐಐಎಸ್‌ಸಿಯಲ್ಲೂ ಒಂದು ಸೈದ್ಧಾಂತಿಕ ಅಧ್ಯಯನ ಕೇಂದ್ರ ಕಟ್ಟಿದರು. 2005ರ ನೊಬೆಲ್ ಗ್ಲೌಬರ್‌ಗೆ ಬಂತು, ಸುದರ್ಶನ್‌ಗೆ ಬರಲಿಲ್ಲ. ಅದು ಅನ್ಯಾಯ ಅಂತ ಆಗಲೇ ಬಹಳ ಜನ ಹೇಳಿದರು, ನನಗೂ ಹಾಗೇ ಅನ್ನಿಸುತ್ತದೆ.

ಹಿಂಡಿದ ಬೆಳಕನ್ನು ಮೊದಲು ಮಾಡಿ ತೋರಿಸಿದ್ದು 1985ರಲ್ಲಿ, ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ, ಸೋಡಿಯಂ ಪರಮಾಣುಗಳನ್ನು ಬಳಸಿ. ಶಿವಮೊಗ್ಗದ ಯಾವ ಬಿಎಸ್ಸಿ ಲ್ಯಾಬಿಗೆ ಹೋದರೂ ಹಳದಿ ಸೋಡಿಯಂ ದೀಪದ ಮುಂದೆ ನ್ಯೂಟನ್ ಉಂಗುರ ಎಣಿಸುವ ಮಕ್ಕಳು ಸಿಗುತ್ತಾರೆ. ಪರಮಾಣು ಅದೇ. ಈಗ ಬಳಸುವ ವಿಧಾನ ಇನ್ನೂ ಸರಳ. ಜಾತ್ರೆಯಲ್ಲಿ ಮಾರುವ ಹಸಿರು ಲೇಸರ್ ಪೆನ್ ನೋಡಿರುತ್ತೀರಿ, ಕಣ್ಣಿಗೆ ಅಪಾಯ, ಮಕ್ಕಳ ಕೈಗೆ ಕೊಡಬೇಡಿ. ಅದರೊಳಗೆ ಒಂದು ಪುಟ್ಟ ಹರಳಿರುತ್ತದೆ. 1064 ನ್ಯಾನೋಮೀಟರಿನ ಎರಡು ಅವಗೆಂಪು (ಇನ್‌ಫ್ರಾರೆಡ್) ಫೋಟಾನ್ ಕೂಡಿಸಿ 532 ನ್ಯಾನೋಮೀಟರಿನ ಒಂದು ಹಸಿರು ಫೋಟಾನ್ ಮಾಡುವುದು ಆ ಹರಳಿನ ಕೆಲಸ. ಲೈಗೋದಲ್ಲಿ ಅದೇ ಜಾತಿಯ ಹರಳನ್ನು ತಿರುಗಾಮುರುಗಾ ನಡೆಸುತ್ತಾರೆ. ಹಸಿರು ಫೋಟಾನ್ ಒಳಗೆ ಹೋಗುತ್ತದೆ, ಎರಡು ಅವಗೆಂಪು ಫೋಟಾನ್ ಜೋಡಿಯಾಗಿ ಹೊರಬರುತ್ತವೆ. ಜೋಡಿಯಲ್ಲಿ ಬರುವುದರಿಂದ ಅವುಗಳ ನಡುವೆ ಹೊಂದಾಣಿಕೆ ಇರುತ್ತದೆ. ಆ ಹೊಂದಾಣಿಕೆಯೇ ನಡುಕವನ್ನು ಹಿಂಡುತ್ತದೆ.

ಜರ್ಮನಿಯ ಜಿಯೋ 600 ಯಂತ್ರ 2010ರಿಂದ ಇದನ್ನು ಬಳಸುತ್ತಿದೆ. ಲೈಗೋ 2019ರ ಏಪ್ರಿಲ್‌ನಲ್ಲಿ ಶುರುವಾದ ಸುತ್ತಿನಲ್ಲಿ ಬಳಸಿತು. ಏರುಪೇರಿನ ಶಕ್ತಿ (ಏರುಪೇರಿನ ವರ್ಗ) ಸುಮಾರು ಅರ್ಧಕ್ಕೆ ಇಳಿಯಿತು, ಅಂದರೆ 3 ಡೆಸಿಬೆಲ್‌ವರೆಗೆ. ಇದು ಲೇಸರ್ ಶಕ್ತಿಯನ್ನು ಎರಡು ಪಟ್ಟು ಮಾಡಿದ್ದಕ್ಕೆ ಸಮ. ಸುಮ್ನೆ ಲೇಸರನ್ನೇ ಎರಡು ಪಟ್ಟು ಮಾಡಬಹುದಿತ್ತಲ್ಲ ಅಂತ ಕೇಳಬಹುದು. ಆಗುವುದಿಲ್ಲ. ಆ ಕೊಳವೆಗಳಲ್ಲಿ ಈಗಾಗಲೇ ನೂರಾರು ಕಿಲೋವ್ಯಾಟ್ ಬೆಳಕು ಓಡಾಡುತ್ತಿದೆ. ಕನ್ನಡಿ ಅದರಲ್ಲಿ ಒಂದು ಚೂರೇ ಚೂರು ಹೀರಿದರೂ ಬಿಸಿಯಾಗಿ ಆಕಾರ ಕೆಡುತ್ತದೆ. ಬೆಳಕು ಜಾಸ್ತಿ ಮಾಡೋಕೆ ಆಗದ ಜಾಗ ಅಂದರೆ ಇದೇ.

ಆ ಅರ್ಧದಿಂದ ಆದ ಲಾಭ ಏನು? ಯಂತ್ರ ಇನ್ನೂ ದೂರದವರೆಗೆ ನೋಡಬಲ್ಲದು. ದೂರ ಸ್ವಲ್ಪ ಹೆಚ್ಚಿದರೆ ಆಕಾಶದ ಗಾತ್ರ ಘನದ ಲೆಕ್ಕದಲ್ಲಿ ಹೆಚ್ಚುತ್ತದೆ. ದೂರ ನೂರಕ್ಕೆ 15 ಹೆಚ್ಚಾದರೆ ಗಾತ್ರ ನೂರಕ್ಕೆ 50 ಹೆಚ್ಚಿತು. 2019ರಲ್ಲಿ ಒಂದು ಯಂತ್ರದಲ್ಲಿ ನೂರಕ್ಕೆ 40, ಇನ್ನೊಂದರಲ್ಲಿ ನೂರಕ್ಕೆ 50 ಜಾಸ್ತಿ ಘಟನೆ ಸಿಗುವಷ್ಟು ಸುಧಾರಣೆ ಆಯಿತು. ಒಂದು ಮೇಜಿನ ಮೇಲೆ ಹಿಡಿಸುವ ಉಪಕರಣದಿಂದ, 4 ಕಿಲೋಮೀಟರಿನ ಯಂತ್ರ ನೋಡುವ ಆಕಾಶ ಒಂದೂವರೆ ಪಟ್ಟಾಯಿತು!

ಆದರೆ ಒಂದನ್ನು ಹಿಂಡಿದರೆ ಇನ್ನೊಂದು ಉಬ್ಬುತ್ತದೆ ಅಂದೆನಲ್ಲ, ಆ ಉಬ್ಬಿದ್ದು ಸುಮ್ಮನಿರಲಿಲ್ಲ. ಫೋಟಾನ್‌ಗಳು ಕನ್ನಡಿಗೆ ಬಡಿದಾಗ ಅದನ್ನು ತಳ್ಳುತ್ತವೆ. ಕನ್ನಡಿಯ ತೂಕ 40 ಕಿಲೋ. ಎತ್ತರದ ಏರುಪೇರು ಜಾಸ್ತಿಯಾದಾಗ ಈ ತಳ್ಳಾಟವೂ ಜಾಸ್ತಿಯಾಗುತ್ತದೆ, ನಿಧಾನ ಕಂಪನಗಳಲ್ಲಿ ಅಳತೆ ಕೆಡುತ್ತದೆ. 40 ಕಿಲೋ ಕನ್ನಡಿಯನ್ನು ಬೆಳಕಿನ ಕ್ವಾಂಟಂ ನಡುಕ ಅಲುಗಿಸುತ್ತದೆ ಅನ್ನೋದನ್ನು 2020ರಲ್ಲಿ ಅಳೆದೇ ತೋರಿಸಿದರು. ಇದಕ್ಕೆ ಮದ್ದು, ನಿಧಾನ ಕಂಪನಕ್ಕೆ ಒಂದು ಮುಖ ಹಿಂಡುವುದು, ವೇಗದ ಕಂಪನಕ್ಕೆ ಇನ್ನೊಂದು ಮುಖ ಹಿಂಡುವುದು. ಅದಕ್ಕಾಗಿ ಹಿಂಡಿದ ಬೆಳಕನ್ನು 300 ಮೀಟರ್ ಉದ್ದದ ಇನ್ನೊಂದು ಕೊಳವೆಯಲ್ಲಿ ಓಡಾಡಿಸಿ ತಿರುಗಿಸುತ್ತಾರೆ. 2023ರ ಮೇ ತಿಂಗಳ ಸುತ್ತಿನಿಂದ ಲೈಗೋ ಇದನ್ನು ಬಳಸುತ್ತಿದೆ. ಕಾಣುವ ದೂರ ನೂರಕ್ಕೆ 15ರಿಂದ 18 ಹೆಚ್ಚಿತು, ಸಿಗಬಹುದಾದ ಘಟನೆಗಳು ನೂರಕ್ಕೆ 65ರವರೆಗೆ. ಇದೇ ಥರದ ಯಂತ್ರ ಮಹಾರಾಷ್ಟ್ರದ ಹಿಂಗೋಲಿ ಜಿಲ್ಲೆಗೆ ಬರಲಿದೆ, 2023ರಲ್ಲಿ ಸುಮಾರು 2,600 ಕೋಟಿಗೆ ಒಪ್ಪಿಗೆ ಸಿಕ್ಕಿದೆ. ಕಪ್ಪುರಂಧ್ರ ಅಲುಗಿದಾಗ ಹೇಗೆ ಮೊರೆದು ತಣ್ಣಗಾಗುತ್ತದೆ ಅಂತ 1970ರಲ್ಲೇ ಲೆಕ್ಕ ಹಾಕಿದವರು ಬೆಂಗಳೂರಿನ ಸಿ.ವಿ. ವಿಶ್ವೇಶ್ವರ. ಜವಾಹರಲಾಲ್ ನೆಹರೂ ತಾರಾಲಯ ಕಟ್ಟಿದವರೂ ಅವರೇ. ಲೈಗೋದ ಮೊದಲ ಸುದ್ದಿ ಬಂದ ಮರುವರ್ಷ, 2017ರಲ್ಲಿ, ತೀರಿಕೊಂಡರು. ತಮ್ಮ ಲೆಕ್ಕದ ಮೊರೆತ ನಿಜವಾಗಿ ಕೇಳಿದ್ದನ್ನು ನೋಡಿ ಹೋದರಲ್ಲ ಅನ್ನೋದು ಸಮಾಧಾನ.

ಈಗ ಕಹಿ ಭಾಗಕ್ಕೆ ಬರೋಣ. 2016ರಲ್ಲಿ ಜರ್ಮನಿಯ ಹ್ಯಾನೋವರ್‌ನಲ್ಲಿ 15 ಡೆಸಿಬೆಲ್ ಹಿಂಡಿ ತೋರಿಸಿದರು. ಅಂದರೆ ಏರುಪೇರಿನ ಶಕ್ತಿ 100 ಇದ್ದದ್ದು 3ಕ್ಕೆ ಇಳಿಯಿತು. ಹಾಗಿದ್ದೂ ಲೈಗೋದಲ್ಲಿ 2019ರಲ್ಲಿ ಸಿಕ್ಕಿದ್ದು 50ರವರೆಗೆ ಮಾತ್ರ. ನಡುವೆ ಎಲ್ಲಿ ಹೋಯಿತು? ಬೆಳಕು ಸೋರಿಹೋಯಿತು. ಒಂದೇ ಅಂತರದಲ್ಲಿ ಬೀಳುತ್ತಿದ್ದ ಹನಿಗಳ ದಾರಿಗೆ ಒಂದು ಮರ ಅಡ್ಡ ಬಂತು ಅಂದುಕೊಳ್ಳಿ. ಕೆಲವು ಹನಿ ಎಲೆಗೆ ಸಿಕ್ಕಿಕೊಂಡವು, ಕೆಲವು ದಾಟಿದವು. ಯಾವುದು ಸಿಕ್ಕಿಕೊಳ್ಳುತ್ತದೆ ಅನ್ನೋದು ಅಡ್ಡಾದಿಡ್ಡಿ. ಹಾಗಾಗಿ ಕೆಳಗೆ ಬಿದ್ದ ಹನಿಗಳ ಶಿಸ್ತೂ ಹಾಳು. ಕನ್ನಡಿ, ಲೆನ್ಸ್, ಸೆನ್ಸರ್ ಎಲ್ಲವೂ ಚೂರು ಚೂರು ಬೆಳಕು ತಿನ್ನುತ್ತವೆ, ಒಟ್ಟು ಸೇರಿದರೆ ಅದು ದೊಡ್ಡದಾಗುತ್ತದೆ.

ಲೆಕ್ಕ ಕಷ್ಟ ಇಲ್ಲ. 3ಕ್ಕೆ ಇಳಿಸಿದ ಬೆಳಕಿನಲ್ಲಿ ನೂರಕ್ಕೆ 10 ಭಾಗ ಸೋರಿದರೆ, ಉಳಿದ ಬೆಳಕಿನ ಏರುಪೇರಿನ ಶಕ್ತಿ ಮಾಮೂಲಿ ಬೆಳಕಿನ 100ಕ್ಕೆ ಹೋಲಿಸಿದರೆ 13ಕ್ಕೆ ಬರುತ್ತದೆ. ಅರ್ಧ ಸೋರಿದರೆ 52ಕ್ಕೆ. ಈಗ ಭಾವನ ಸೋಗೆಗೆ ಬರೋಣ. ಹಸಿರೆಲೆ ಕೆಂಪು ಬೆಳಕನ್ನು ಬಹುಪಾಲು ಹೀರುತ್ತದೆ, ಅದು ಅದರ ಊಟ. ದಾಟಿದ್ದರಲ್ಲೂ ದಿಕ್ಕಾಪಾಲಾಗಿ ಚೆದುರುವುದೇ ಜಾಸ್ತಿ. ನೂರಕ್ಕೆ 10 ಭಾಗ ದಾಟಿ ಸೆನ್ಸರಿಗೆ ಬಂತು ಅಂತಲೇ ಇಟ್ಟುಕೊಳ್ಳಿ, ಆಗ ಏರುಪೇರಿನ ಶಕ್ತಿ 90. ವರ್ಗಮೂಲ ತೆಗೆದರೆ ಅಳತೆಯ ನಿಖರತೆಯಲ್ಲಿ ಲಾಭ ನೂರಕ್ಕೆ 5. ಜಗತ್ತಿನ ಅತಿ ಒಳ್ಳೆ ಹಿಂಡಿದ ಬೆಳಕು ತಂದು ತೋಟದಲ್ಲಿಟ್ಟರೆ ಸಿಗುವುದು ಇಷ್ಟು. ಟಾರ್ಚನ್ನು ಚೂರು ಜೋರಾಗಿ ಉರಿಸಿದರೆ ಅಷ್ಟು ಸಿಗುತ್ತದೆ. ಅಷ್ಟಕ್ಕೂ ಎಲೆಚುಕ್ಕಿಯನ್ನು ಬೇಗ ಗುರುತಿಸುವ ಕಷ್ಟ ಫೋಟಾನ್ ಎಣಿಕೆಯಲ್ಲಿ ಇಲ್ಲವೇ ಇಲ್ಲ. ಸೋಗೆ 50 ಅಡಿ ಎತ್ತರದಲ್ಲಿದೆ, ಒಂದು ಎಲೆ ಇನ್ನೊಂದರ ಹಾಗಿಲ್ಲ, ಪೊಟ್ಯಾಷ್ ಕೊರತೆಯ ಹಳದಿಗೂ ರೋಗದ ಹಳದಿಗೂ ವ್ಯತ್ಯಾಸ ತಿಳಿಯಬೇಕು. ಅದಕ್ಕೆ ಬೇಕಿರುವುದು ಡ್ರೋನ್, ಹಲವು ಬಣ್ಣ ಬಿಡಿಸಿ ನೋಡುವ ಕ್ಯಾಮರಾ, ಮತ್ತು ಎಲೆ ತಂದುಕೊಟ್ಟರೆ ಬೇಗ ಉತ್ತರ ಹೇಳುವ ಲ್ಯಾಬ್. ಮಂಗನ ಕಾಯಿಲೆಗೂ ಇದೇ ಮಾತು. 1957ರಲ್ಲಿ ಸೊರಬದ ಕ್ಯಾಸನೂರಿನಲ್ಲಿ ಕಂಡ ರೋಗ ಇವತ್ತಿಗೂ ಜೀವ ತೆಗೆಯುತ್ತಿದೆ. ರಕ್ತದ ಮಾದರಿ ಹತ್ತಿರದ ಪಿಸಿಆರ್ ಲ್ಯಾಬಿಗೆ ಅದೇ ದಿನ ಮುಟ್ಟುವುದು ಅಲ್ಲಿ ಮುಖ್ಯ.

ಜೀವಕೋಶದ ಒಳಗೆ ನೋಡುವ ಮೈಕ್ರೋಸ್ಕೋಪಿನ ಕಥೆ ಬೇರೆ. ಅಲ್ಲಿ ಕ್ವಾಂಟಂ ಬೆಳಕಿಗೆ ನಿಜವಾದ ಜಾಗ ಇದೆ. ಸಿ.ವಿ. ರಾಮನ್ 1928ರ ಫೆಬ್ರವರಿ 28ರಂದು ಕಂಡುಹಿಡಿದ ಪರಿಣಾಮವನ್ನೇ ಬಳಸುವ ಒಂದು ಮೈಕ್ರೋಸ್ಕೋಪ್ ಇದೆ. ಬಣ್ಣ ಹಾಕದೆ, ಕೋಶದೊಳಗಿನ ಕೊಬ್ಬು ಎಲ್ಲಿದೆ, ಪ್ರೋಟೀನ್ ಎಲ್ಲಿದೆ ಅಂತ ಅಣುಗಳ ಕಂಪನದಿಂದಲೇ ಗುರುತಿಸುತ್ತದೆ. ಆದರೆ ಸಿಗ್ನಲ್ ಬಹಳ ಸಣ್ಣದು. ಅದಕ್ಕಾಗಿ ಲೇಸರ್ ಜೋರು ಮಾಡುತ್ತಾ ಹೋದರೆ ನೋಡಬೇಕಾದ ಕೋಶವೇ ಸುಟ್ಟು ಸಾಯುತ್ತದೆ. ಇಲ್ಲೂ ಬೆಳಕು ಜಾಸ್ತಿ ಮಾಡಲು ಆಗುವುದಿಲ್ಲ, ಅಡ್ಡಿ ಮಾತ್ರ ಬೇರೆ. 2021ರಲ್ಲಿ ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯದವರು ಇದಕ್ಕೆ ಹಿಂಡಿದ ಬೆಳಕು ಸೇರಿಸಿ, ಯೀಸ್ಟ್ ಕೋಶಕ್ಕೆ ಹಾನಿ ಮಾಡದೆ, ಗದ್ದಲದ, ಅಂದರೆ ಏರುಪೇರಿನ, ಎದುರು ಸಿಗ್ನಲನ್ನು ನೂರಕ್ಕೆ 35 ಸ್ಪಷ್ಟ ಮಾಡಿದರು. ಮಾಮೂಲಿ ಬೆಳಕಿನಿಂದ ಆ ಚಿತ್ರ ತೆಗೆಯಬೇಕಿದ್ದರೆ ಕೋಶ ಉಳಿಯುತ್ತಿರಲಿಲ್ಲ. 35 ಅಂದರೆ ಕಡಿಮೆ ಅನ್ನಿಸಬಹುದು. ನನಗೆ ಅದು ಲೈಗೋಗಿಂತ ದೊಡ್ಡ ಸುದ್ದಿ. ಲೈಗೋ ಜಗತ್ತಿನಲ್ಲಿ ಬೆರಳೆಣಿಕೆ, ಮೈಕ್ರೋಸ್ಕೋಪ್ ಊರೂರಲ್ಲಿ ಇರುತ್ತದೆ.

ಇನ್ನೊಂದು ದಾರಿಯೂ ಇದೆ, ಸೋಗೆಯ ವಿಷಯದಲ್ಲಿ ನನಗೆ ಸ್ವಲ್ಪವಾದರೂ ಆಸೆ ಇರುವುದು ಇದರ ಮೇಲೆ. ಜೋಡಿ ಫೋಟಾನ್‌ಗಳಲ್ಲಿ ಎರಡೂ ಒಂದೇ ಬಣ್ಣದ್ದು ಆಗಬೇಕಿಲ್ಲ. ಒಂದು ಕಣ್ಣಿಗೆ ಕಾಣದ ದೂರದ ಅವಗೆಂಪು, ಇನ್ನೊಂದು ಮಾಮೂಲಿ ಕ್ಯಾಮರಾಗೆ ಕಾಣುವ ಬಣ್ಣ ಆಗಬಹುದು. 2014ರಲ್ಲಿ ವಿಯೆನ್ನಾದಲ್ಲಿ ಆಂಟನ್ ಝೈಲಿಂಗರ್ ತಂಡ ಒಂದು ಬೆಕ್ಕಿನ ಆಕಾರದ ಚಿತ್ರವನ್ನು ಹೀಗೆ ತೆಗೆಯಿತು. ಬೆಕ್ಕಿನ ಆಕಾರವನ್ನು ಮುಟ್ಟಿ ಬಂದ ಫೋಟಾನ್‌ಗಳನ್ನು ಅವರು ಅಳೆಯಲೇ ಇಲ್ಲ. ಕ್ಯಾಮರಾಗೆ ಬಿದ್ದದ್ದು ಅದರ ಜೋಡಿ ಮಾತ್ರ, ಆ ಜೋಡಿ ಬೆಕ್ಕಿನ ಹತ್ತಿರ ಹೋಗಿಯೇ ಇಲ್ಲ. ಚಿತ್ರ ಮಾತ್ರ ಬಂತು. ಝೈಲಿಂಗರ್‌ಗೆ 2022ರ ನೊಬೆಲ್‌ನಲ್ಲಿ ಪಾಲು ಸಿಕ್ಕಿತು, ಜೋಡಿ ಫೋಟಾನ್‌ಗಳ ಕೆಲಸಕ್ಕೇ. ನೀರು, ಸಕ್ಕರೆ, ಪ್ರೋಟೀನ್ ಎಲ್ಲಾ ತಮ್ಮ ಗುರುತು ಬಿಡುವುದು ಅವಗೆಂಪಿನಲ್ಲಿ, ಆ ಬಣ್ಣದ ಒಳ್ಳೆ ಕ್ಯಾಮರಾ ಬಹಳ ದುಬಾರಿ. ಈ ದಾರಿಯಲ್ಲಿ ಅಗ್ಗದ ಕ್ಯಾಮರಾ ಸಾಕಾಗುತ್ತದೆ. ಇಲ್ಲಿ ಲಾಭ ಸಿಗುವುದು ಶಾಟ್ ನಾಯ್ಸ್ ಇಳಿಸಿ ಅಲ್ಲ, ಬಣ್ಣ ಬದಲಿಸಿ. ತೋಟಕ್ಕೆ ಬರಲು ಇನ್ನೂ ಬಹಳ ದೂರ ಇದೆ, ಆದರೂ ದಿಕ್ಕು ಸರಿ ಇದೆ.

ಇಷ್ಟೆಲ್ಲ ಓದಿದ ಮೇಲೆ ಒಂದು ಎಚ್ಚರಿಕೆ ಹೇಳಲೇಬೇಕು. ಕೈಗೆ ಲೋಹದ ಕಡ್ಡಿ ಹಿಡಿಸಿ, ಒಂದೆರಡು ನಿಮಿಷದಲ್ಲಿ ಲಿವರ್, ಕಿಡ್ನಿ, ಮೂಳೆ ಎಲ್ಲದರ ರಿಪೋರ್ಟ್ ಪ್ರಿಂಟ್ ತೆಗೆದುಕೊಡುವ 'ಕ್ವಾಂಟಂ ಅನಲೈಸರ್' ಅನ್ನೋ ಪೆಟ್ಟಿಗೆಗಳು ಸಣ್ಣ ಊರುಗಳ ಕ್ಯಾಂಪುಗಳಿಗೂ ಬರುತ್ತಿವೆ. ಅದರಲ್ಲಿ ಕ್ವಾಂಟಂ ಬೆಳಕೂ ಇಲ್ಲ, ಯಾವ ಅಂಗದ ಅಳತೆಯೂ ಇಲ್ಲ. ಅಜ್ಜಿಯ ಪಿಂಚಣಿ ದುಡ್ಡು ಅದಕ್ಕೆ ಹೋಗುವುದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ. ಅದನ್ನು ನಂಬಿ ನಿಜವಾದ ರಕ್ತ ಪರೀಕ್ಷೆ ಬಿಡುವವರೂ ಇದ್ದಾರೆ. ದಯವಿಟ್ಟು ಮನೆಯ ಹಿರಿಯರಿಗೆ ತಿಳಿಸಿ ಹೇಳಿ.

ದುಡ್ಡಿನ ವಿಷಯಕ್ಕೆ ಬರುತ್ತೇನೆ. ರಾಷ್ಟ್ರೀಯ ಮಿಷನ್‌ನಲ್ಲಿ ನಾಲ್ಕು ಕೇಂದ್ರಗಳಿವೆ. ಕಂಪ್ಯೂಟಿಂಗ್ ಬೆಂಗಳೂರಿನ ಐಐಎಸ್‌ಸಿಗೆ, ಅಳತೆ ಮತ್ತು ಸೆನ್ಸರ್ ಐಐಟಿ ಬಾಂಬೆಗೆ ಸಿಕ್ಕಿದೆ. ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯಲ್ಲಿ ಜೋಡಿ ಫೋಟಾನ್‌ಗಳ ಮೇಲೆ ಒಳ್ಳೆ ಕೆಲಸ ನಡೆಯುತ್ತಿದೆ. ಇದೆಲ್ಲ ಸರಿ. ಆದರೆ ಮೇಲಿನ ಲೆಕ್ಕವನ್ನೇ ಮತ್ತೆ ನೋಡಿ. 3ರಿಂದ 13ಕ್ಕೆ, 13ರಿಂದ 52ಕ್ಕೆ ಏರಿದ್ದು ಸಿದ್ಧಾಂತದ ಕೊರತೆಯಿಂದ ಅಲ್ಲ. ಕನ್ನಡಿಯ ಲೇಪ, ಹರಳಿನ ಶುದ್ಧತೆ, ಸೆನ್ಸರಿನ ಗುಣ, ಜೋಡಿಸುವ ಕೈ, ಈ ನಾಲ್ಕರಿಂದ. ಇಲ್ಲಿ ಗೆಲ್ಲುವುದು ಕನ್ನಡಿ ಒರೆಸಲು ಬಲ್ಲವರು, ಬೆಳಕಿನ ದಾರಿಯನ್ನು ಕೂದಲೆಳೆ ತಪ್ಪದ ಹಾಗೆ ಹೊಂದಿಸಬಲ್ಲವರು. ಅಂಥ ಕೈಗಳು ಒಂದು ಸಮಾವೇಶದಿಂದ ಹುಟ್ಟುವುದಿಲ್ಲ. ಹಿಂಗೋಲಿಯ ಯಂತ್ರಕ್ಕೂ ಅವೇ ಬೇಕು. ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದ ಅಡಿಯಲ್ಲಿ ಎಷ್ಟು ಕಾಲೇಜುಗಳಲ್ಲಿ ಭೌತಶಾಸ್ತ್ರದ ಲ್ಯಾಬ್ ಇದೆ! ಅಲ್ಲಿನ ಮಕ್ಕಳು ಟ್ರಾವೆಲಿಂಗ್ ಮೈಕ್ರೋಸ್ಕೋಪಿನ ತಿರುಪು ತಿರುಗಿಸುತ್ತಾ ಉಂಗುರ ಎಣಿಸುವಾಗ ಕಲಿಯುವ ತಾಳ್ಮೆ, ಈ ಕೆಲಸಕ್ಕೆ ಬೇಕಾದ ಮೊದಲ ಗುಣ. ಕೋಟಿಗಳಲ್ಲಿ ಒಂದು ಪಾಲು ಜಿಲ್ಲೆಗಳ ಲ್ಯಾಬಿಗೆ, ಲ್ಯಾಬ್ ಸಹಾಯಕರ ಖಾಲಿ ಹುದ್ದೆಗೆ ಬರಬೇಕು ಅಂತ ನಾನು ಗಟ್ಟಿಯಾಗಿ ಹೇಳುತ್ತೇನೆ.

ಅಲ್ಲಿಯವರೆಗೆ ಕಾಯಬೇಕಿಲ್ಲ, ಒಂದು ಪ್ರಯೋಗ ಈಗಲೇ ಮಾಡಬಹುದು. ಬ್ಯಾಟರಿಯಿಂದ ಉರಿಯುವ ಎಲ್‌ಇಡಿ ತಗೊಳ್ಳಿ. ಮನೆ ಕರೆಂಟಿನ ದೀಪ ಬೇಡ, ಅದು ಸೆಕೆಂಡಿಗೆ 100 ಸಲ ಮಿನುಗುತ್ತದೆ. ಎದುರಿಗೆ ಒಂದು ಫೋಟೋಡಯೋಡ್, ಅದಕ್ಕೊಂದು ರೆಸಿಸ್ಟರ್, ಹಿಂದೆ ಒಂದು ಗದ್ದಲ ಕಡಿಮೆ ಇರುವ ಆಂಪ್ಲಿಫೈಯರ್. ರೆಸಿಸ್ಟರ್ ಮೇಲೆ ಬೀಳುವ ವೋಲ್ಟೇಜ್ 50 ಮಿಲಿವೋಲ್ಟ್‌ಗಿಂತ ಸಾಕಷ್ಟು ಜಾಸ್ತಿ ಇರಲಿ, ಇಲ್ಲದಿದ್ದರೆ ರೆಸಿಸ್ಟರಿನ ಸ್ವಂತ ಬಿಸಿಯ ಗದ್ದಲವೇ ಮೇಲಾಗುತ್ತದೆ. ಬೆಳಕನ್ನು ಹಂತ ಹಂತವಾಗಿ ಹೆಚ್ಚಿಸಿ, ಪ್ರತಿ ಹಂತದಲ್ಲೂ ಏರುಪೇರಿನ ವರ್ಗವನ್ನು ಗ್ರಾಫ್ ಹಾಳೆಯ ಮೇಲೆ ಗುರುತು ಮಾಡಿ. ಬೆಳಕು ಎರಡು ಪಟ್ಟಾದಾಗ ಅದೂ ಎರಡು ಪಟ್ಟಾಗಿ ಗೆರೆ ನೇರ ಬಂದರೆ, ನೀವು ಫೋಟಾನ್‌ಗಳ ಏರುಪೇರನ್ನೇ ನೋಡುತ್ತಿದ್ದೀರಿ, ಅಲ್ಲಿ ಕ್ವಾಂಟಂ ಬೆಳಕಿನ ಮಾತಾಡಬಹುದು. ಬೆಳಕು ಎರಡು ಪಟ್ಟಾದಾಗ ಅದು ನಾಲ್ಕು ಪಟ್ಟಾಗಿ ಗೆರೆ ಮೇಲಕ್ಕೆ ಬಾಗಿದರೆ, ಅದು ದೀಪದ ಏರುಪೇರು, ಮೊದಲು ದೀಪ ಸರಿ ಮಾಡಬೇಕು. ಕ್ವಾಂಟಂ ಸೆನ್ಸರ್ ಅಂತ ಯಾರಾದರೂ ಏನನ್ನಾದರೂ ಮಾರಲು ಬಂದರೆ ಕೇಳಬೇಕಾದ್ದೂ ಇದನ್ನೇ. ನಿಮ್ಮ ಗೆರೆ ನೇರ ಇದೆಯೋ ಬಾಗಿದೆಯೋ, ಮತ್ತು ನೂರು ಫೋಟಾನ್ ಹೊರಟರೆ ಸೆನ್ಸರಿಗೆ ಎಷ್ಟು ಮುಟ್ಟುತ್ತವೆ?